ಬೇಟೆಯ ಬೂಟಿಗೆ ಕುಂಕುಮ

ಜೂನ್ ತಿಂಗಳ ಕೊನೆಯ ವಾರದಿಂದ ಬೆಟ್ಟ ಹತ್ತುವ ಬೂಟು ಹಾಕಿಕೊಂಡೇ ಭುವನೇಶ್ವರಿ ಬ್ಲೌಸು ಹೊಲಿಯತೊಡಗಿದರು. ಒಂದೊಂದು ಬೂಟೂ ಎರಡು ಪೌಂಡಿನ ಮೇಲಿತ್ತು. ದಪ್ಪ ಚರ್ಮ, ಕಣಕಾಲು ಮುಚ್ಚುವಷ್ಟು ಎತ್ತರ. ಹೊಸ ಬೂಟು ಪಾದಕ್ಕೆ ಒಗ್ಗಬೇಕಾದರೆ ನೂರು ಗಂಟೆಯಾದರೂ ಕಾಲಲ್ಲಿರಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ದಿನಕ್ಕೆ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ ನೂರು ಗಂಟೆ ಅಲ್ಲೇ ಸಿಗಬೇಕು. ಮೊದಲ ದಿನ ಪೆಡಲಿನ ಮೇಲೆ ಬೂಟಿನ ಭಾರ ಬಿದ್ದು ಯಂತ್ರ ತನ್ನಷ್ಟಕ್ಕೆ ಓಡಿ, ಯಾರದೋ ರೇಷ್ಮೆಯ ತೋಳಿನ ಮೇಲೆ ನಾಲ್ಕು ಇಂಚು ಬೇಡದ ಹೊಲಿಗೆ ಬಿತ್ತು. ಅದನ್ನು ಬಿಚ್ಚಿದರು. ಮಾರನೆಯ ದಿನದಿಂದ ಹೆಬ್ಬೆರಳಿನ ತುದಿಯಲ್ಲಿ ಮಾತ್ರ ಒತ್ತುವುದನ್ನು ಕಲಿತರು.

ಸ್ಯಾನ್ ಹೊಸೆಯ ಪೂರ್ವ ಭಾಗದಲ್ಲಿರುವ ಮನೆಯ ಗ್ಯಾರೇಜೇ ಅವರ ಅಂಗಡಿ. ನಲವತ್ತೆಂಟು ವರ್ಷ ವಯಸ್ಸು, ದಾವಣಗೆರೆಯ ಹುಟ್ಟು. ಗಂಡ ಶಿವಪ್ರಸಾದ ಬಾಗಲಕೋಟೆ ಕಡೆಯವರು, ಕಂಪನಿಯೊಂದರಲ್ಲಿ ನೆಟ್‌ವರ್ಕ್ ಎಂಜಿನಿಯರ್. ಮಗಳು ವಿಭಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ಅತ್ತೆ ಕಾಶವ್ವನಿಗೆ ಎಪ್ಪತ್ತಾರು. ಸೀರೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು, ಬ್ಲೌಸನ್ನು ತರಿಸಿಕೊಂಡರೆ ಮೈಗೆ ಕೂರುವುದಿಲ್ಲ; ಹೀಗಾಗಿ ಪಾಲೋ ಆಲ್ಟೋದಿಂದ ಫ್ರೀಮಾಂಟಿನವರೆಗೆ ಅವರಿಗೆ ಗಿರಾಕಿಗಳಿದ್ದಾರೆ.

ಬೂಟನ್ನು ಮೊದಲು ಗಮನಿಸಿದವರು ಪಾಲೋ ಆಲ್ಟೋದ ರಮಾ.

"ಇದೇನ್ರೀ ಭುವನಾ, ಮಿಲಿಟರಿ ಸೇರ್ಕೊಂಡ್ರಾ?"

"ಇಲ್ಲ ರಮಾ, ಬೇಟೆಗೆ ಹೋಗ್ತಿದೀನಿ. ಕೈ ಸ್ವಲ್ಪ ಎತ್ತಿ, ತೋಳಿನ ಅಳತೆ ತಗೋಬೇಕು."

"ತಮಾಷೆ ಮಾಡ್ಬೇಡಿ."

"ಹನ್ನೆರಡೂವರೆ. ಹೋದ್ಸಲ ಹನ್ನೆರಡಿತ್ತು."

"ಅದೂ ತಮಾಷೆನಾ?"

"ಅಲ್ಲ, ಎರಡೂ ನಿಜ. ನವರಾತ್ರಿ ಬ್ಲೌಸುಗಳನ್ನ ನವಮಿ ದಿನ ಮನೆಗೇ ತಂದ್ಕೊಡ್ತೀನಿ. ದಶಮಿಯಿಂದ ನಾಲ್ಕು ದಿನ ಮಾತ್ರ ನಾನಿರಲ್ಲ."

ನಿಜವೇ ಆಗಿತ್ತು. ಸಿಯೆರಾ ನೆವಾಡಾ ಪರ್ವತದ ಪೂರ್ವದ ಮಗ್ಗುಲಲ್ಲಿ ಜಿಂಕೆ ಬೇಟೆಗೆ ಎಲ್ಲರಿಗೂ ಅನುಮತಿ ಸಿಗುವುದಿಲ್ಲ. ಪ್ರತಿವರ್ಷ ಅರ್ಜಿ ಹಾಕಬೇಕು, ಲಾಟರಿ ಎತ್ತುತ್ತಾರೆ. ಅನುಮತಿಗೆ ಟ್ಯಾಗು ಎನ್ನುತ್ತಾರೆ. ಒಂದು ಟ್ಯಾಗಿಗೆ ಒಂದೇ ಗಂಡು ಜಿಂಕೆ, ಅದೂ ಕೊಂಬು ಕವಲೊಡೆದದ್ದು. ಆ ವರ್ಷದ ಕೆಲವು ವಾರಗಳೊಳಗೆ ಬಳಸಬೇಕು, ಇಲ್ಲದಿದ್ದರೆ ಹೋಯಿತು. ಭುವನೇಶ್ವರಿ ಆರು ವರ್ಷ ಅರ್ಜಿ ಹಾಕಿ ಆರು ವರ್ಷವೂ ಇಲ್ಲವೆನಿಸಿಕೊಂಡಿದ್ದರು. ಏಳನೆಯ ವರ್ಷ, ಈ ಜೂನಿನಲ್ಲಿ, ಹೆಸರು ಬಂತು. ಇದು ಕಳೆದರೆ ಮತ್ತೆ ಎಷ್ಟು ವರ್ಷವೋ.

ಈ ಹುಚ್ಚು ಹತ್ತಿಸಿದ್ದು ಒಂದು ಪ್ಯಾಂಟು. ಏಳು ವರ್ಷದ ಹಿಂದೆ ಹನುಮಂತರಾಜು ಎಂಬುವರು ಉಣ್ಣೆಯ ಪ್ಯಾಂಟೊಂದನ್ನು ತಂದು, ಮಂಡಿಗೆ ಇನ್ನೊಂದು ಪದರ ಹಾಕಿಕೊಡಿ ಎಂದರು. ಮಾಲೂರಿನವರು. ಫ್ರೀಮಾಂಟಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡುತ್ತಿದ್ದರು, ಈಗ ನಿವೃತ್ತರು, ಅರವತ್ತಾರು ವರ್ಷ. ಅದು ಬೇಟೆಯ ಪ್ಯಾಂಟು ಎಂದು ತಿಳಿದಾಗ ಭುವನೇಶ್ವರಿ ಎರಡು ಪ್ರಶ್ನೆ ಕೇಳಿದರು, ರಾಜು ಒಂದೂವರೆ ಗಂಟೆ ಉತ್ತರ ಹೇಳಿದರು. ಬೆಳಿಗ್ಗೆ ಗಾಳಿ ಬೆಟ್ಟದಿಂದ ಕೆಳಗಿಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೇರುತ್ತದೆ, ಜಿಂಕೆಗೆ ಅದು ಗೊತ್ತು, ಮನುಷ್ಯನಿಗೆ ಗೊತ್ತಿರಬೇಕು ಎಂದರು. ಸಕ್ಕರೆ ಕಾಯಿಲೆಯ ಗೆರೆ ಮುಟ್ಟಿದ್ದೀರಿ, ನಡೆಯಿರಿ ಎಂದು ಡಾಕ್ಟರು ಭುವನೇಶ್ವರಿಗೆ ಹೇಳಿ ಆಗ ಒಂದು ವಾರವಾಗಿತ್ತು. ಮನೆಯ ಸುತ್ತಲಿನ ಬೀದಿಗಳನ್ನೇ ಸುತ್ತಿ ಬರುವುದು ಅವರಿಗೆ ಬೇಸರ ತಂದಿತ್ತು. ಎಲ್ಲಿಗಾದರೂ ಹೋಗಲಿಕ್ಕೆ ನಡೆಯಬೇಕು ಅನ್ನಿಸಿತು. ಸುರಕ್ಷತೆಯ ಕೋರ್ಸು ಮುಗಿಸಿ ಲೈಸೆನ್ಸು ಪಡೆದರು. ತಿಂಗಳಿಗೊಮ್ಮೆ ಗುಂಡು ಹಾರಿಸುವ ಮೈದಾನಕ್ಕೆ ಹೋಗಿ ಬರುವುದು ರೂಢಿಯಾಯಿತು.

ಟ್ಯಾಗು ಬಂದ ಸುದ್ದಿ ಕೇಳಿ ರಾಜು ಖುಷಿಪಟ್ಟರು. ಆಮೇಲೆ ಷರತ್ತು ಹೇಳಿದರು.

"ನನ್ನ ಮಂಡಿ ಇನ್ನೊಂದ್ ವರ್ಷ ತಡೀಬಹುದು, ಅಷ್ಟೆ. ಜಿಂಕೆ ಹೊಡೆಯೋದು ಐದು ನಿಮಿಷದ ಕೆಲಸ. ಹೊತ್ಕೊಂಡು ಬರೋದು ಒಂದು ದಿನದ್ದು. ನಲವತ್ತೈದು ಪೌಂಡು ಹೊತ್ತು ಮಿಷನ್ ಪೀಕ್ ಎರಡು ಗಂಟೇಲಿ ಹತ್ತಿ ತೋರ್ಸಿ. ಆಗ ಕರ್ಕೊಂಡ್ ಹೋಗ್ತೀನಿ."

"ಆಗದೇ ಇದ್ರೆ?"

"ಟ್ಯಾಗಿಗೆ ಫ್ರೇಮ್ ಹಾಕ್ಸಿ ಗೋಡೆಗೆ ತೂಗಾಕಿ."

ಫ್ರೀಮಾಂಟಿನ ಮಿಷನ್ ಪೀಕ್‌ಗೆ ಮೂರು ಮೈಲಿ ಏರು. ನೆರಳಿಲ್ಲ. ಜುಲೈಯ ಮೊದಲ ಶನಿವಾರ ಭುವನೇಶ್ವರಿ ಬೆನ್ನುಚೀಲದಲ್ಲಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ಮಾತ್ರ ಇಟ್ಟುಕೊಂಡು ಹತ್ತಿದರು. ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ಎದುರು ಸಿಕ್ಕ ಹಸುಗಳು ಅವರಿಗಿಂತ ಚುರುಕಾಗಿ ನಡೆಯುತ್ತಿದ್ದವು. ಮೂರನೆಯ ವಾರ ಹತ್ತು ಪೌಂಡಿನ ಜೋಳದ ಹಿಟ್ಟು ಸೇರಿತು. ಆರನೆಯ ವಾರ ಇನ್ನೊಂದು ಹತ್ತು, ಮೇಲೆ ನೀರು.

ಅಕ್ಕಿಯೂ ಹಿಟ್ಟೂ ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಹೊರಟು ಮಧ್ಯಾಹ್ನ ವಾಪಸಾಗುವುದನ್ನು ಕಾಶವ್ವ ತಿಂಗಳಿಡೀ ನೋಡಿದರು.

"ಅಕ್ಕಿ ಗುಡ್ಡ ನೋಡಿ ಬಂತೇನು?"

"ಬಂತ್ರಿ ಅತ್ತಿ." ಅತ್ತೆಯ ಜೊತೆ ಭುವನೇಶ್ವರಿ ಅತ್ತೆಯ ಮಾತನ್ನೇ ಆಡುತ್ತಾರೆ.

"ನನ್ನನ್ನ ಒಂದ್ ಸಲ ಕರಕೊಂಡ್ ಹೋಗಿಲ್ಲ. ಜ್ವಾಳದ ಹಿಟ್ಟು ಐದ್ ಸಲ ಹೋಗ್ಯಾದ."

"ನೀವು ಚೀಲದಾಗ ಕೂಡ್ತೀರೇನು?"

"ಕೂಡ್ತಿದ್ದೆ. ನೀ ಹೊರಾಂಗಿಲ್ಲ."

ಆ ಚೀಲಗಳನ್ನು ಒಡೆಯಕೂಡದು ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ಅಡುಗೆಗೆ ಬೇರೆ ಅಕ್ಕಿ ಬಂತು. ಸೆಪ್ಟೆಂಬರ್ ಮಧ್ಯದ ಶನಿವಾರ ರಾಜು ತುದಿಯ ಕಂಬದ ಬಳಿ ಮೊದಲೇ ಹೋಗಿ ಕುಳಿತು ಗಡಿಯಾರ ನೋಡುತ್ತಿದ್ದರು. ಭುವನೇಶ್ವರಿ ಒಂದು ಗಂಟೆ ಐವತ್ತೇಳು ನಿಮಿಷಕ್ಕೆ ಬಂದು ಕಂಬ ಮುಟ್ಟಿದರು. ರಾಜು ಎದ್ದು ಚೀಲ ತೆರೆದು, ಅಕ್ಕಿ, ಹಿಟ್ಟು, ನೀರು ಎಲ್ಲವನ್ನೂ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ನೋಡಿದರು. ನಲವತ್ತಾರೂವರೆ ಇತ್ತು.

"ಒಂದೂವರೆ ಜಾಸ್ತಿ," ಎಂದರು.

"ಗ್ರೋಸರಿ ಅಂಗಡಿಯವರ ಚೀಲದಲ್ಲಿ ಯಾವಾಗ್ಲೂ ಕಮ್ಮಿ ಇರತ್ತೆ ಅಂತ ನೀರು ಜಾಸ್ತಿ ಹಾಕಿದ್ದೆ."

ರಾಜು ಇಳಿಯುವಾಗ ಪೂರ್ತಿ ದಾರಿ ಯಾವ ಕಣಿವೆಗೆ ಹೋಗುವುದು ಎಂಬುದನ್ನೇ ಮಾತಾಡಿದರು.

ಬಟ್ಟೆಯ ವಿಷಯದಲ್ಲಿ ಭುವನೇಶ್ವರಿ ಯಾರ ಮಾತನ್ನೂ ಕೇಳಲಿಲ್ಲ. ಹೆಂಗಸರ ಬೇಟೆಯ ಪ್ಯಾಂಟುಗಳು ಅಂಗಡಿಯಲ್ಲಿದ್ದವು. ಸೊಂಟಕ್ಕೆ ಸರಿಯಾದರೆ ತೊಡೆಗೆ ಬಿಗಿ, ತೊಡೆಗೆ ಸರಿಯಾದರೆ ಉದ್ದ. ಗಂಡಸರ ಬೂದುಬಣ್ಣದ ಉಣ್ಣೆ ಪ್ಯಾಂಟೊಂದನ್ನು ಕೊಂಡು ಪೂರ್ತಿ ಬಿಚ್ಚಿ ತಮ್ಮ ಅಳತೆಗೆ ಮತ್ತೆ ಹೊಲಿದರು. ಅಂಗಡಿಯಲ್ಲಿ ಅವರು ಬಟ್ಟೆಯನ್ನು ಕಣ್ಣಿನಿಂದ ನೋಡಲಿಲ್ಲ, ಕಿವಿಯ ಪಕ್ಕ ಹಿಡಿದು ಉಜ್ಜಿ ಕೇಳಿದರು. ಸದ್ದು ಮಾಡುವ ಬಟ್ಟೆ ಬೇಟೆಗಲ್ಲ. ಜೇಬಿನ ಮುಚ್ಚಳದ ವೆಲ್ಕ್ರೋ ಬಿಚ್ಚುವಾಗ ಚರ್ರೆನ್ನುತ್ತದೆಂದು ಅದನ್ನು ಕಿತ್ತು, ಬ್ಲೌಸಿನ ಹುಕ್ಕು ಹಾಕಿದರು. ಹುಕ್ಕು ಹುಕ್ಕಿಗೆ ತಗಲಿ ಸದ್ದಾಗದಂತೆ ಒಂದೊಂದಕ್ಕೂ ದಾರ ಸುತ್ತಿದರು. ಹತ್ತಿಯ ಬನಿಯನ್ನು ಬೆವರು ಹೀರಿ ಮೈಗೆ ತಣ್ಣಗೆ ಅಂಟುತ್ತದೆಂದು ಒಳಗೂ ತೆಳು ಉಣ್ಣೆಯನ್ನೇ ಹಾಕಿಕೊಳ್ಳುವುದೆಂದು ತೀರ್ಮಾನವಾಯಿತು.

ಮಾಂಸ ತುಂಬಿ ತರುವ ಚೀಲಗಳಿಗೆ ಮಾತ್ರ ಹತ್ತಿಯೇ ಬೇಕು, ಗಾಳಿಯಾಡಬೇಕು. ಬ್ಲೌಸಿನ ಲೈನಿಂಗ್ ಬಟ್ಟೆ ಮನೆಯಲ್ಲಿ ಬೇಕಾದಷ್ಟಿತ್ತು. ಐದು ಚೀಲ ಹೊಲಿದರು: ಎರಡು ಗಿಳಿಹಸಿರು, ಎರಡು ರಾಣಿ ಗುಲಾಬಿ, ಒಂದು ಅರಿಶಿನ. ರಾಜು ಅವನ್ನು ಹಿಡಿದು ಎಳೆದು ನೋಡಿದರು.

"ಹೊಲಿಗೆ ಗಟ್ಟಿಯಾಗಿದೆ. ಬಣ್ಣ ಏನ್ರೀ ಇದು, ಯಾರದಾದ್ರೂ ಮದುವೆ ಇದ್ಯಾ?"

"ಜಿಂಕೆಗೆ ಬಣ್ಣ ಅಷ್ಟಾಗಿ ಕಾಣ್ಸಲ್ಲ ಅಂತ ನೀವೇ ಹೇಳಿದ್ರಿ."

"ನನಗೆ ಕಾಣ್ಸತ್ತಲ್ಲ."

ಬಣ್ಣದಲ್ಲಿ ರಾಜು ಸಡಿಲ, ವಾಸನೆಯಲ್ಲಿ ಕಟ್ಟುನಿಟ್ಟು. ಜಿಂಕೆ ಕಣ್ಣನ್ನು ಒಂದು ಸಲ ನಂಬದೆ ಇರಬಹುದು, ಮೂಗನ್ನು ಯಾವಾಗಲೂ ನಂಬುತ್ತದೆ ಎನ್ನುತ್ತಿದ್ದರು. ಹಿಂದೊಮ್ಮೆ ಜೊತೆಗಾರನೊಬ್ಬ ಸೆಂಟು ಹಾಕಿಕೊಂಡು ಬಂದನೆಂದು ಎಂಬತ್ತು ಮೈಲಿ ಹೋದಮೇಲೆ ಕಾರು ತಿರುಗಿಸಿ ಅವನನ್ನು ಮನೆಗೆ ಬಿಟ್ಟುಬಂದಿದ್ದರು. ಹಾಗಾಗಿ ಭುವನೇಶ್ವರಿ ಮೂರು ವಾರ ಮೊದಲೇ ಎಲ್ಲ ಬಟ್ಟೆಯನ್ನೂ ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಹಿತ್ತಲಲ್ಲಿ ಒಣಗಿಸಿ, ಬೂಟಿನ ಸಮೇತ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಟೇಪು ಸುತ್ತಿದರು. ಇಂಗಿನ ಒಗ್ಗರಣೆ ತಾಗದಿರಲೆಂದು ಡಬ್ಬಿಯನ್ನು ಗ್ಯಾರೇಜಿನ ದೂರದ ಮೂಲೆಗೆ ತಳ್ಳಿದರು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದೂ ನಿಂತಿತು.

"ಹಬ್ಬದಾಗ ತಲಿಗೆ ಎಣ್ಣಿ ಇಲ್ಲ, ಹೂ ಇಲ್ಲ," ಎಂದರು ಕಾಶವ್ವ. "ನೋಡಿದವರು ನಾ ಏನೋ ಅಂದೀನಿ ಅನ್ಕೋತಾರ."

ನವಮಿಯ ದಿನ ಬಂತು. ಆ ಮನೆಯಲ್ಲಿ ಆಯುಧಪೂಜೆಯೆಂದರೆ ಹೊಲಿಗೆ ಯಂತ್ರಗಳ ಹಬ್ಬ. ಮೂರು ಯಂತ್ರ, ಕತ್ತರಿ, ಇಸ್ತ್ರಿಪೆಟ್ಟಿಗೆ, ಅಳತೆ ಟೇಪು ಎಲ್ಲಕ್ಕೂ ಪೂಜೆಯಾಗಬೇಕು. ಪ್ರತಿವರ್ಷ ಅತ್ತೆ ಸೊಸೆ ಸೇರಿ ಮಾಡುತ್ತಿದ್ದರು. ಈ ಸಲ ಭುವನೇಶ್ವರಿಗೆ ಹನ್ನೊಂದು ಬ್ಲೌಸುಗಳನ್ನು ಆರು ಮನೆಗಳಿಗೆ ತಲುಪಿಸುವುದಿತ್ತು. ಕಾರಿನ ಬಾಗಿಲು ಹಾಕಿಕೊಳ್ಳುತ್ತ ಹೇಳಿದರು:

"ನಾ ಬರೂದು ಸಂಜಿ ಆಗ್ತದ ಅತ್ತಿ. ಗ್ಯಾರೇಜಿನ್ಯಾಗ ನನ್ನ ಕೆಲಸದ್ದು ಏನೇನೈತಿ, ಎಲ್ಲಾದಕ್ಕೂ ನೀವ ಪೂಜಿ ಮಾಡಿಬಿಡ್ರಿ."

ಕಾಶವ್ವ ಹೇಳಿದ್ದನ್ನು ಅರ್ಧ ಮಾಡುವವರಲ್ಲ.

ಸಂಜೆ ಐದಕ್ಕೆ ಗ್ಯಾರೇಜಿನ ಬಾಗಿಲು ಮೇಲಕ್ಕೇರಿದಾಗ ಒಳಗಿಂದ ಬಿಳಿಯ ಹೊಗೆ ನಿಧಾನವಾಗಿ ಹೊರಬಂತು. ಮೂರು ಯಂತ್ರಗಳಿಗೂ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಮಣೆಯ ಮೇಲೆ ಬೂಟುಗಳು, ಮೂತಿಗೆ ಅರಿಶಿನ ಕುಂಕುಮ, ಒಳಗೆ ಒಂದೊಂದು ಹಿಡಿ ಹೂವು. ಬೆನ್ನುಚೀಲಕ್ಕೆ ಎರಡೆಳೆ ಹಾರ. ದುರ್ಬೀನಿನ ಎರಡು ಮುಚ್ಚಳಕ್ಕೂ ವಿಭೂತಿಯ ಮೂರು ಮೂರು ಗೆರೆ. ರೈಫಲ್ಲಿದ್ದ ಕಬ್ಬಿಣದ ಪೆಟ್ಟಿಗೆಯ ಕೀಲಿ ಸಿಕ್ಕಿರಲಿಲ್ಲವಾದ್ದರಿಂದ ಅದರ ಬಾಗಿಲಿಗೇ ಐದು ಕುಂಕುಮದ ಬೊಟ್ಟು. ಉಣ್ಣೆ ಪ್ಯಾಂಟು, ಅಂಗಿ, ಟೊಪ್ಪಿಗೆ, ಕಾಲುಚೀಲಗಳನ್ನು ಕಾಶವ್ವ ಎಣ್ಣೆನೀರು ಹಾಕಿದ ಕೂಸಿನ ತಲೆಗೆ ಹಿಡಿಯುವಂತೆ ಒಂದೊಂದಾಗಿ ಸಾಂಬ್ರಾಣಿ ಹೊಗೆಯ ಮೇಲೆ ಹಿಡಿದು, ಮಡಿಸಿ ಇಟ್ಟಿದ್ದರು.

"ಚಂದ ಕಾಣ್ತದಲ್ಲ?" ಎಂದರು.

"ಅತ್ತೀ, ಆ ಡಬ್ಬಿಗೆ ಟೇಪ್ ಸುತ್ತಿದ್ದೆನಲ್ಲ."

"ಸುತ್ತಿದ್ದಿ. ಕತ್ತರೀಲೆ ಕೊಯ್ದೆ. ಕತ್ತರಿಗೂ ಪೂಜಿ ಆತು, ಕೆಲಸಾನೂ ಆತು."

"ವಾಸನಿ ಬರಬಾರದಂತ ಮುಚ್ಚಿಟ್ಟಿದ್ದೆ. ಚಿಗರಿಗೆ ಅರ್ಧ ಮೈಲಿಯಿಂದ ಗೊತ್ತಾಗ್ತದ."

"ಸಾಂಬ್ರಾಣಿ ವಾಸನಿಗೆ ಯಾರರ ಓಡಿಹೋಗ್ತಾರೇನು?" ಎಂದ ಕಾಶವ್ವ ಸೊಸೆಯ ಮುಖ ನೋಡಿದರು. ಕೈಯಲ್ಲಿದ್ದ ಧೂಪದ ಪಾತ್ರೆಯನ್ನು ನೆಲಕ್ಕಿಟ್ಟರು. "ಹೊಲಿಗಿ ಮಷಿನ್ನಿಗೆ ಮಾಡ್ತೀವಿ, ಕಾರಿಗೆ ಮಾಡ್ತೀವಿ. ಗುಡ್ಡಕ್ಕ ಹೋಗೂ ಬೂಟಿಗೆ ಬ್ಯಾಡೇನು ಅನ್ಕೊಂಡೆ ನಾ. ನನಗ ಹೇಳಬೇಕಿತ್ತು ನೀ."

"ಹೇಳಿದ್ದೆ. ಎಲ್ಲಾದಕ್ಕೂ ಮಾಡ್ರಿ ಅಂತ ಹೇಳಿದ್ದೆ." ಭುವನೇಶ್ವರಿ ಸ್ಟೂಲಿನ ಮೇಲೆ ಕುಳಿತರು. ಅತ್ತೆ ಒಂದು ಕಾಲುಚೀಲವನ್ನೂ ಬಿಟ್ಟಿರಲಿಲ್ಲ. ಅದನ್ನು ನೋಡುತ್ತ ನೋಡುತ್ತ ಅವರಿಗೆ ನಗು ಬಂತು. ನಗು ನಿಂತಮೇಲೆ ಫೋನು ತೆಗೆದುಕೊಂಡರು. ರಾಜು ಅವರಿಗೆ ಹೇಳದೆ ಹೋಗುವಂತಿರಲಿಲ್ಲ.

"ಯಾವ ಧೂಪ?" ಎಂದರು ರಾಜು.

"ಸಾಂಬ್ರಾಣಿ. ಆಮೇಲೆ ಊದಿನಕಡ್ಡಿ, ಕರ್ಪೂರ."

"ಎಲ್ಲಾದಕ್ಕೂನಾ?"

"ಕಾಲುಚೀಲಕ್ಕೂ, ಸರ್."

"ಒಗೆಯಕ್ಕೆ ಹೋಗ್ಬೇಡಿ. ಅಷ್ಟರಲ್ಲಿ ಉಣ್ಣೆ ಒಣಗಲ್ಲ. ಒದ್ದೆ ಬಟ್ಟೇಲಿ ಒಂಬತ್ತು ಸಾವಿರ ಅಡಿ ಮೇಲೆ ಹೋದ್ರೆ ನಾನು ನಿಮ್ಮನ್ನ ಹೊತ್ಕೊಂಡು ಬರ್ಬೇಕಾಗತ್ತೆ. ಬೆಳಿಗ್ಗೆ ಐದಕ್ಕೆ ಬರ್ತೀನಿ. ನೋಡೋಣ."

ಹೋಗೋಣ ಎನ್ನಲಿಲ್ಲ. ನೋಡೋಣ ಎಂದರು.

ದಶಮಿಯ ಬೆಳಿಗ್ಗೆ ರಾಜು ಐದಕ್ಕೆ ಸರಿಯಾಗಿ ಬಂದು, ಪ್ಯಾಂಟನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಡಬ್ಬಿಯ ಮೇಲೆ ಇಟ್ಟರು. ಟೊಪ್ಪಿಗೆಯನ್ನು ಮೂಸುವ ಮೊದಲೇ ಇಟ್ಟರು. ಭುವನೇಶ್ವರಿ ಕೈಕಟ್ಟಿ ನಿಂತಿದ್ದರು. ಆಗ ಕಾಶವ್ವ ನಾಲ್ಕು ನಿಂಬೆಹಣ್ಣು ಹಿಡಿದು ಹೊರಗೆ ಬಂದರು.

"ತಪ್ಪು ನಂದು ತಮ್ಮಾ. ಆಕೀದಲ್ಲ. ಮೂರು ತಿಂಗಳಾತು ಆಕಿ ಅಕ್ಕಿ ಹೊತ್ತು ಗುಡ್ಡ ಹತ್ತ್ಯಾಳ. ಅದನ್ನ ನೋಡು."

"ನೋಡಿದೀನಿ ಅಮ್ಮಾವ್ರೇ. ಕೈಯಲ್ಲೇನದು?"

"ಗಾಡಿಗೆ. ಇಡೋದೋ ಬ್ಯಾಡೋ ನೀನ ಹೇಳು. ಇನ್ನ ನಾ ಕೇಳದ ಏನೂ ಮಾಡಾಂಗಿಲ್ಲ."

ರಾಜು ನಿಂಬೆಹಣ್ಣುಗಳನ್ನು ನೋಡಿದರು, ಕಾರನ್ನು ನೋಡಿದರು. "ಇಡಿ. ಕಾರನ್ನ ಯಾರೂ ಮೂಸಲ್ಲ." ಹೋಗುವುದು ನಿಶ್ಚಯವಾದದ್ದು ಹೀಗೆ. ಬಟ್ಟೆಗಳನ್ನೆಲ್ಲ ಬಲೆಯ ಚೀಲಕ್ಕೆ ತುಂಬಿ ಕಾರಿನ ನೆತ್ತಿಗೆ ಕಟ್ಟಿದರು. "ಇನ್ನೂರೈವತ್ತು ಮೈಲಿ ಗಾಳಿ ಕುಡೀಲಿ," ಎಂದರು. ನಾಲ್ಕು ಚಕ್ರವೂ ನಿಂಬೆಹಣ್ಣಿನ ಮೇಲೆ ಹಾದು ಕಾರು ಫ್ರೀವೇ ಕಡೆಗೆ ಹೊರಟಿತು.

ಮಧ್ಯದ ಬಯಲಿನಲ್ಲಿ ದನದ ಕೊಟ್ಟಿಗೆಗಳ ಗಾಳಿ, ಬಾದಾಮಿ ತೋಟಗಳ ಧೂಳು. ಬೆಟ್ಟಸಾಲು ದಾಟುವ ಸೊನೋರಾ ಪಾಸಿನ ನೆತ್ತಿಯಲ್ಲಿ ನಿಲ್ಲಿಸಿ ಮೂಸಿದಾಗ ಸಾಂಬ್ರಾಣಿ ಕಡಿಮೆಯಾಗಿತ್ತು, ಸಗಣಿ ಸೇರಿತ್ತು. "ಈಗ ಗೋಶಾಲೇಲಿ ಪೂಜೆ ಆದ ಹಾಗಿದೆ," ಎಂದು ರಾಜು ಮತ್ತೆ ಕಟ್ಟಿದರು. ಮಧ್ಯಾಹ್ನ ಪೂರ್ವದ ಇಳಿಜಾರಿನಲ್ಲಿ ಗುಡಾರ ಹಾಕಿ, ಅಲ್ಲಿ ಬೆಳೆಯುವ ಘಾಟು ವಾಸನೆಯ ಬೂದು ಪೊದೆಗಳ ಸೊಪ್ಪನ್ನು ಬಟ್ಟೆಗೆ ಉಜ್ಜಿದರು. ಆಸ್ಪೆನ್ ಮರಗಳು ಪೂರ್ತಿ ಹಳದಿಯಾಗಿದ್ದವು.

ಮರುದಿನ ಸಂಜೆ ಒಂದು ಗಂಡು ಕಾಣಿಸಿತು. ನಾನೂರು ಗಜ ದೂರದಲ್ಲಿ ತಲೆತಗ್ಗಿಸಿ ಮೇಯುತ್ತಿತ್ತು. ಅವರ ಕಡೆಯಿಂದ ಗಾಳಿಯ ಒಂದೇ ಒಂದು ಸುಳಿ ಹೋಯಿತು. ಜಿಂಕೆ ತಲೆ ಎತ್ತಿ, ದೊಡ್ಡ ಕಿವಿಗಳನ್ನು ತಿರುಗಿಸಿ, ಮೂಗನ್ನು ಮೇಲೆ ಮಾಡಿತು. ಆಮೇಲೆ ನಾಲ್ಕು ಕಾಲನ್ನೂ ಒಟ್ಟಿಗೆ ಎತ್ತಿ ನೆಗೆಯುತ್ತ ಬೆಟ್ಟದ ಆಚೆಗೆ ಹೋಯಿತು.

"ಬರೀ ಮನುಷ್ಯರ ವಾಸನೆ ಬಂದಿದ್ರೂ ಹೋಗ್ತಿತ್ತು," ಎಂದರು ರಾಜು, ಸಮಾಧಾನಕ್ಕೆ.

"ಇಷ್ಟು ದೂರ ಹೋಗ್ತಿತ್ತಾ?"

"ಇಲ್ಲ. ಇಷ್ಟು ದೂರ ಹೋಗ್ತಿರ್ಲಿಲ್ಲ."

ಇಳಿಯುವಾಗ ರಾಜು ಕಲ್ಲಿನ ಮೇಲೆ ಜಾರಿ ಕೂತರು. ಮಂಡಿಗೆ ಏನೂ ಆಗಲಿಲ್ಲ. ಜೇಬಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಸೀಸೆ ಮಾತ್ರ ಒತ್ತಿಕೊಂಡು, ಬಿರಡೆ ಹಾರಿ, ಒಳಗಿದ್ದ ಬಿಳಿಯ ಪುಡಿಯೆಲ್ಲ ಚೆಲ್ಲಿಹೋಯಿತು. ಅದು ಗಾಳಿ ನೋಡುವ ಪುಡಿ. ಸೀಸೆ ಒತ್ತಿದರೆ ಪುಡಿ ಹಾರಿ, ಕೆನ್ನೆಗೆ ತಿಳಿಯದಷ್ಟು ಸಣ್ಣ ಗಾಳಿ ಎತ್ತ ಹೋಗುತ್ತಿದೆಯೆಂದು ತೋರಿಸುತ್ತದೆ. ಉಳಿದದ್ದು ಒಂದೇ ಬೆಳಗು. ಮೈಯಲ್ಲಿ ಸಾಂಬ್ರಾಣಿ ಇದೆ, ಗಾಳಿ ಕಾಣುವ ಪುಡಿಯಿಲ್ಲ. ರಾಜು ಗುಡಾರದ ಮುಂದೆ ಕೂತು ಹುಲ್ಲು ಹರಿದು ಹಾರಿಸಿ ನೋಡಿದರು. ಹುಲ್ಲು ನೆಟ್ಟಗೆ ಕೆಳಗೆ ಬಿತ್ತು.

ಕೊನೆಯ ಬೆಳಿಗ್ಗೆ ಆರೂವರೆಗೆ ಇಬ್ಬರೂ ಕಣಿವೆಯ ಬುಡದಿಂದ ಹತ್ತುತ್ತಿದ್ದರು. ತಣ್ಣನೆಯ ಗಾಳಿ ಮೇಲಿನಿಂದ ಮುಖಕ್ಕೆ ಬರುತ್ತಿತ್ತು. ಏಳೂಕಾಲಿಗೆ ರಾಜು ತೋರಿಸಿದರು: ಮೇಲೆ, ಹಳದಿ ಮರಗಳ ಅಂಚಿನಲ್ಲಿ, ಕವಲೊಡೆದ ಕೊಂಬಿನ ಗಂಡು. ಇನ್ನು ಅರ್ಧ ಗಂಟೆಯಲ್ಲಿ ಬಿಸಿಲು ಇಳಿಜಾರಿಗೆ ಬೀಳುತ್ತದೆ. ಆಗ ಗಾಳಿ ತಿರುಗಿ ಇವರನ್ನು ದಾಟಿ ನೇರ ಅದರ ಮೂಗಿಗೆ ಹೋಗುತ್ತದೆ. ಅದು ತಿರುಗುವ ಗಳಿಗೆ ಯಾವುದೆಂದು ತಿಳಿಯಬೇಕು.

ಬೆರಳು ಮರಗಟ್ಟಿದ್ದ ಭುವನೇಶ್ವರಿ ಕೈಯನ್ನು ಪ್ಯಾಂಟಿನ ಜೇಬಿಗೆ ತೂರಿದರು. ಒಳಗೆ ಮಡಿಸಿದ ಕಾಗದ ಸಿಕ್ಕಿತು. ಪಂಚಾಂಗದ ಹಾಳೆಯ ಪೊಟ್ಟಣ. ಬಿಚ್ಚಿದರೆ ವಿಭೂತಿ. ಊರಿನ ಮನೆದೇವರ ಗುಡಿಯಿಂದ ತಂದು, ಪರೀಕ್ಷೆ, ಪ್ರಯಾಣ, ಹೊಸ ಕೆಲಸ ಎಂದಾಗಲೆಲ್ಲ ಕಾಶವ್ವ ಮನೆಯವರ ಜೇಬಿಗೆ ಹೇಳದೆ ಹಾಕುವ ಬೂದಿ.

ಒಂದು ಚಿಟಿಕೆ ಎತ್ತಿ ಬಿಟ್ಟರು. ಬೂದಿ ನೆಲಕ್ಕೆ ಬೀಳಲಿಲ್ಲ. ತೆಳುವಾದ ಬಿಳಿ ಎಳೆಯಾಗಿ ಅವರ ಭುಜದ ಮೇಲಿಂದ ಹಿಂದಕ್ಕೆ, ಕಣಿವೆಯ ಕೆಳಕ್ಕೆ ಹರಿಯಿತು.

ರಾಜು ನೋಡಿದರು. ಮುಂದೆ ನಡೆಯಿರಿ ಎಂದು ಕೈಮಾಡಿದರು.

ಇಪ್ಪತ್ತು ಹೆಜ್ಜೆಗೊಮ್ಮೆ ಒಂದು ಚಿಟಿಕೆ. ಹಿಂದಕ್ಕೆ ಹೋಯಿತು, ಹಿಂದಕ್ಕೆ ಹೋಯಿತು. ಎಂಟಕ್ಕೆ ಸ್ವಲ್ಪ ಮೊದಲು ಬಿಟ್ಟ ಚಿಟಿಕೆ ಎಲ್ಲೂ ಹೋಗದೆ ಅವರ ಬೂಟಿನ ಮೇಲೆ, ಕುಂಕುಮದ ಕಲೆಯ ಪಕ್ಕ ಇಳಿಯಿತು. ಗಾಳಿ ನಿಂತಿತ್ತು. ರಾಜು ಎಡಕ್ಕೆ ಬೆರಳು ತೋರಿಸಿದರು. ಇಬ್ಬರೂ ಏರುವುದನ್ನು ಬಿಟ್ಟು ಬಂಡೆಯ ಸಾಲಿನ ಹಿಂದೆ ಅಡ್ಡವಾಗಿ ಸರಿದು, ಜಿಂಕೆಯ ಮಟ್ಟಕ್ಕೆ, ಅದರ ಪಕ್ಕಕ್ಕೆ ಬಂದರು. ಮುಂದಿನ ಚಿಟಿಕೆ ಮೇಲಕ್ಕೆ ಹೋಯಿತು. ಜಿಂಕೆಯ ಕಡೆಗಲ್ಲ, ಖಾಲಿ ಬಂಡೆಗಳ ಕಡೆಗೆ. ನೂರೈವತ್ತು ಗಜ. ಬೆನ್ನುಚೀಲವನ್ನು ನೆಲಕ್ಕಿಟ್ಟು, ರೈಫಲ್ಲನ್ನು ಅದರ ಮೇಲೆ ಊರಿ, ಭುವನೇಶ್ವರಿ ಬೋರಲಾಗಿ ನೆಲಕ್ಕೆ ಹೊಟ್ಟೆಯಾನಿಸಿ ಮಲಗಿದರು. ಜೇಬಿನ ಹುಕ್ಕು ಸದ್ದು ಮಾಡಲಿಲ್ಲ. ಉಸಿರು ಬಿಟ್ಟು, ಅರ್ಧದಲ್ಲಿ ನಿಲ್ಲಿಸಿ, ಪೆಡಲು ಒತ್ತುವಷ್ಟೇ ಮೆಲ್ಲಗೆ ಒತ್ತಿದರು.

ಜಿಂಕೆ ನಾಲ್ಕು ಹೆಜ್ಜೆ ನಡೆದು ಬಿತ್ತು. ಇಬ್ಬರೂ ಹತ್ತು ನಿಮಿಷ ಇದ್ದಲ್ಲಿಂದ ಏಳಲಿಲ್ಲ. ಹತ್ತಿರ ಹೋದಮೇಲೆ ಭುವನೇಶ್ವರಿ ಅದರ ಕತ್ತಿನ ಮೇಲೆ ಕೈಯಿಟ್ಟರು. ಟ್ಯಾಗಿನ ಮೇಲೆ ತಾರೀಖು ಗುರುತು ಮಾಡಿ, ಸಹಿ ಹಾಕಿ, ಕೊಂಬಿಗೆ ಕಟ್ಟಿದರು. ಏಳು ವರ್ಷದ ಕಾಗದ ಅದು. ಗಂಟು ಎರಡು ಸಲ ಬಿಗಿದರು.

ಮಧ್ಯಾಹ್ನ ಇಳಿಯುವಾಗ ರಾಜುವಿನ ಬೆನ್ನಿನ ಮೇಲೆ ಕೊಂಬು ಮತ್ತು ಅರಿಶಿನದ ಚೀಲ. ಭುವನೇಶ್ವರಿಯ ಬೆನ್ನಿನ ಮೇಲೆ ಗಿಳಿಹಸಿರು, ರಾಣಿ ಗುಲಾಬಿ. ಮೂರೂವರೆ ಮೈಲಿ.

"ಎಷ್ಟಿರಬಹುದು?" ಎಂದರು ರಾಜು.

"ನಲವತ್ತೈದಿಲ್ಲ. ಜೋಳದ ಹಿಟ್ಟಿನ ಎರಡನೇ ಚೀಲ ಇಲ್ದೆ ಇದ್ದ ಹಾಗಿದೆ."

ಭಾನುವಾರ ಸಂಜೆ ರಾಜು ಊಟಕ್ಕೆ ಬಂದರು. ಕಾಶವ್ವ ಹುರಿದ ಎಳ್ಳು, ಒಣಕೊಬ್ಬರಿ, ಕೆಂಪು ಖಾರ ಅರೆದು ಸಾರು ಮಾಡಿದ್ದರು. ಮಿಷನ್ ಪೀಕ್ ಹತ್ತಿದ ಅಕ್ಕಿಯ ಚೀಲ ಕೊನೆಗೂ ಒಡೆದಿತ್ತು. ಅದೇ ಬೆಟ್ಟ ಕಂಡ ಹಿಟ್ಟಿನ ರೊಟ್ಟಿ ಹಂಚಿನ ಮೇಲಿತ್ತು. ವಿಭಾ "ಜಸ್ಟ್ ಒನ್ ಪೀಸ್, ಅಜ್ಜಿ" ಎಂದು ತಟ್ಟೆ ಹಿಡಿದು ನಾಲ್ಕನೆಯ ಸಲ ಬಂದಿದ್ದಳು. ಶಿವಪ್ರಸಾದ ಇನ್ನೊಂದು ರೊಟ್ಟಿ ಮುರಿಯುತ್ತಿದ್ದರು.

"ಕಿಸೆದಾಗ ಈಬತ್ತಿ ಇಟ್ಟಿದ್ದು ಯಾರು?" ಎಂದು ಕಾಶವ್ವ ಮೂರನೆಯ ಸಲ ಕೇಳಿದರು.

"ನೀವ ಅತ್ತಿ."

"ವಾಸನಿ ಹಚ್ಚಿದ್ದು ಯಾರು ಅಂತ ಯಾರೂ ಕೇಳಬ್ಯಾಡ್ರಿ ಇನ್ನ." ಕಾಶವ್ವ ರಾಜುವಿನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಮುಂದಿನ ವರ್ಷ ಆ ಬಂದೂಕಿನ ಪೆಟ್ಟಿಗಿ ಕೀಲಿ ನನಗ ಕೊಡಸು ತಮ್ಮಾ. ಬಾಗಲಿಗೆ ಕುಂಕುಮ ಹಚ್ಚಿ ನನಗ ಸಮಾಧಾನ ಆಗಿಲ್ಲ."

"ಕೀಲಿ ಕೊಡ್ಸಲ್ಲ ಅಮ್ಮಾವ್ರೇ." ರಾಜು ಕೈ ತೊಳೆದು ಬಂದು, ಜೇಬಿನಿಂದ ಖಾಲಿ ಪ್ಲಾಸ್ಟಿಕ್ ಸೀಸೆ ತೆಗೆದು ಮೇಜಿನ ಮೇಲಿಟ್ಟರು. "ಇದಕ್ಕಾಗೋವಷ್ಟು ಬೂದಿ ಇದ್ಯಾ?"

ಕಾಶವ್ವ ದೇವರ ಗೂಡಿನಿಂದ ಡಬ್ಬಿ ತಂದರು. ಭುವನೇಶ್ವರಿ ಕಾಗದವನ್ನು ಸುರುಳಿ ಮಾಡಿ ಸೀಸೆಯ ಬಾಯಿಗೆ ಹಿಡಿದರು. ತುಂಬಿದ ಮೇಲೆ ರಾಜು ಬಿರಡೆ ಹಾಕಿ, ಹಿತ್ತಲ ಬಾಗಿಲು ತೆರೆದು ನಿಂತು, ಒಮ್ಮೆ ಒತ್ತಿ ನೋಡಿದರು. ಬೂದಿ ಸಣ್ಣಗೆ ಹಾರಿ, ಸಾರಿನ ವಾಸನೆಯ ಜೊತೆ ಪಕ್ಕದ ಮನೆಯ ಬೇಲಿಯ ಕಡೆಗೆ ಹೋಯಿತು.